ಹಾಡು ಯಾರದು? : ಅರವತ್ತರ ದಶಕದ ಐರೋಪ್ಯ ಗಾಯಕಿಯರನ್ನು ಕುರಿತು

(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಮಾಲೆಯಲ್ಲಿ ನನಗಿಂತ ಮೊದಲು ಮಾತನಾಡಿದವರು ವಚನಗಳನ್ನು ಕುರಿತು, ಕುಮಾರವ್ಯಾಸನನ್ನು ಕುರಿತು, ಕರ್ನಾಟಕದ ಏಕೀಕರಣವನ್ನು ಕುರಿತು ಮಾತನಾಡಿದ್ದಾರೆ. ಅವರು ನಿಂತ ಜಾಗದಲ್ಲಿ ನಿಂತು ನಾನು ಅರವತ್ತರ ದಶಕದ ಯುರೋಪಿನ ಪಾಪ್ ಗಾಯಕಿಯರ ಬಗ್ಗೆ ಮಾತನಾಡುತ್ತೇನೆಂದಾಗ ನಮ್ಮ ಕಾರ್ಯದರ್ಶಿಗಳು ಕ್ಷಣಕಾಲ ಸುಮ್ಮನಾದರು. ಅನಂತರ, "ಏನ್ರೀ, ಬಜೆಟ್ ಮ್ಯಾಲೆ ಮಾತಾಡ್ತೀರಂತ ಮಾಡಿದ್ದೆ" ಎಂದರು. ಅವರ ಆಶ್ಚರ್ಯ ಸಹಜವೇ. ನಾನು ಕೇಂದ್ರ ಸರ್ಕಾರದ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವವನು. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದಿದ್ದೇನೆಯೇ ಹೊರತು ಸಂಗೀತಶಾಸ್ತ್ರ ತಿಳಿದವನಲ್ಲ. ಆದರೂ ಈ ವಿಷಯವನ್ನೇ ಆರಿಸಿಕೊಳ್ಳಲು ಒಂದು ಕಾರಣವಿದೆ. ಅದು ನಮ್ಮ ಸಂಘದೊಳಗಿನದು. ಅದನ್ನು ಮೊದಲೇ ಹೇಳಿಬಿಡುವುದು ಪ್ರಾಮಾಣಿಕತೆ.

ಕಳೆದ ರಾಜ್ಯೋತ್ಸವದ ಭಾವಗೀತೆ ಸ್ಪರ್ಧೆ ತಮಗೆಲ್ಲ ನೆನಪಿರಬಹುದು. ಸ್ಪರ್ಧೆಯ ನಿಯಮಗಳಲ್ಲಿ, ಸ್ಪರ್ಧಿಯ ಮಾತೃಭಾಷೆ ಕನ್ನಡವಾಗಿರತಕ್ಕದ್ದು ಎಂಬುದೂ ಒಂದು. ಈ ಪುಣೆಯಲ್ಲೇ ಹುಟ್ಟಿ ಬೆಳೆದ ಮರಾಠಿ ಮನೆಯ ಹುಡುಗಿಯೊಬ್ಬಳು ಹೆಸರು ಕೊಡಲು ಬಂದಳು. ತನ್ನ ಗೆಳತಿಯ ಅಜ್ಜಿಯ ಬಳಿ ಕೂತು ಕನ್ನಡ ಅಕ್ಷರ ಕಲಿತಿದ್ದಳು, ಹಾಡಿನ ಪದಪದಕ್ಕೂ ಅರ್ಥ ಕೇಳಿ ತಿಳಿದುಕೊಂಡಿದ್ದಳು. ನಿಯಮವನ್ನು ತೋರಿಸಿ ನಾವು ಅವಳನ್ನು ಹಿಂದಕ್ಕೆ ಕಳುಹಿಸಿದೆವು. ನಾವು ಎಂದು ಬೇಕೆಂದೇ ಹೇಳುತ್ತಿದ್ದೇನೆ. ಆ ನಿಯಮಾವಳಿಯ ಕೆಳಗೆ ನನ್ನ ರುಜುವೂ ಇದೆ. ಅಂದು ಬಹುಮಾನ ಬಂದದ್ದು ನನ್ನ ಮಗಳಿಗೆ. ಅವಳು ಹಾಡನ್ನು ದೇವನಾಗರಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ್ದಳು. ಮನೆಗೆ ಬರುವಾಗ ಆಟೋದಲ್ಲಿ, ಬಹುಮಾನದ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, "ಅಪ್ಪಾ, ಎರಡನೇ ನುಡಿಯಲ್ಲಿ ಏನು ಹೇಳಿದ್ದಾರೆ?" ಎಂದು ಕೇಳಿದಳು. ಆ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಹಾಡು ಯಾರದು? ಆ ಭಾಷೆಯಲ್ಲಿ ಹುಟ್ಟಿದವರದೋ, ಅದರ ಅರ್ಥವನ್ನು ಅರಿತು ಹಾಡಿದವರದೋ?

ಈ ಪ್ರಶ್ನೆ ನನಗೆ ಹೊಸದೇನೂ ಆಗಿರಲಿಲ್ಲ. ಹಲವು ವರ್ಷಗಳ ಹಿಂದೆ ಸರ್ಕಾರಿ ಕೆಲಸದ ಮೇಲೆ ನಾನು ಬ್ರಸೆಲ್ಸ್ ನಗರದಲ್ಲಿದ್ದೆ. ಅಲ್ಲಿ ಪ್ರತಿಯೊಂದು ಬೀದಿಗೂ ಫ್ರೆಂಚಿನಲ್ಲಿ ಒಂದು, ಡಚ್ಚಿನಲ್ಲಿ ಒಂದು, ಹೀಗೆ ಎರಡು ಹೆಸರು. ಭಾಷೆಯ ಜಗಳದಿಂದಾಗಿ 1968ರಲ್ಲಿ ಸರ್ಕಾರವೇ ಉರುಳಿಬಿದ್ದ ದೇಶ ಅದು. ಆ ಊರಿನ ಮಾರೋಲ್ ಬಡಾವಣೆಯಲ್ಲಿ ಹಳೆಯ ಸಾಮಾನಿನ ಸಂತೆ ದಿನವೂ ನೆರೆಯುತ್ತದೆ. ಗದಗಿನ ಕಡೆಯವನಾದ ನನಗೆ ಸಂತೆಯೆಂದರೆ ಮೊದಲಿನಿಂದಲೂ ಪ್ರೀತಿ. ರಜೆಯ ದಿನ ಹೋಗಿ ಅರವತ್ತರ ದಶಕದ ಚಿಕ್ಕ ಗ್ರಾಮಫೋನ್ ತಟ್ಟೆಗಳನ್ನು ಕೊಂಡು ತರುತ್ತಿದ್ದೆ. ಕೊಂಡದ್ದು ಅಗ್ಗವೆಂದು, ಕೇಳಿದ್ದು ಕುತೂಹಲಕ್ಕೆಂದು. ಆದರೆ ಆ ತಟ್ಟೆಗಳ ಹಿಂದಿನ ಕಥೆಗಳನ್ನು ಓದತೊಡಗಿದಂತೆ, ಇವು ಬರಿಯ ಹರೆಯದ ಹಾಡುಗಳಲ್ಲ, ಮಾತಿನ ಮೇಲೆ ಯಾರ ಅಧಿಕಾರವಿರಬೇಕೆಂಬ ದೊಡ್ಡ ವ್ಯಾಜ್ಯದ ದಾಖಲೆಗಳೆಂದು ತಿಳಿಯಿತು.

ಮೊದಲಿಗೆ ಫ್ರಾಂಸ್ವಾಜ್ ಹಾರ್ಡಿಯನ್ನು ನೆನೆಯುತ್ತೇನೆ. 1944ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿ 2024ರ ಜೂನಿನಲ್ಲಿ ತೀರಿಕೊಂಡ ಈಕೆ ನಾಡಿಗೆಲ್ಲ ಪರಿಚಯವಾದದ್ದು ಹದಿನೆಂಟರ ಹರೆಯದಲ್ಲಿ. 1962ರ ಅಕ್ಟೋಬರ್ 28ರಂದು ಫ್ರಾನ್ಸಿನಲ್ಲಿ ಒಂದು ಜನಮತಗಣನೆ ನಡೆಯಿತು. ರಾಷ್ಟ್ರಾಧ್ಯಕ್ಷರನ್ನು ಜನರೇ ನೇರವಾಗಿ ಆರಿಸಬೇಕೆ ಎಂಬುದು ಅಂದಿನ ಪ್ರಶ್ನೆ. ಫಲಿತಾಂಶಕ್ಕಾಗಿ ದೇಶವೆಲ್ಲ ದೂರದರ್ಶನದ ಮುಂದೆ ಕುಳಿತಿದ್ದಾಗ, ನಡುವಿನ ಬಿಡುವಿನಲ್ಲಿ ಈ ಹುಡುಗಿಯ ಹಾಡು ಪ್ರಸಾರವಾಯಿತು. ಹುಡುಗ ಹುಡುಗಿಯರೆಲ್ಲ ಜೋಡಿಯಾಗಿ ನಡೆಯುತ್ತಿರುವಾಗ ತಾನೊಬ್ಬಳೇ ಒಂಟಿ ಎಂಬ ಭಾವದ ಹಾಡು ಅದು. ದೊಡ್ಡ ಕಂಠವೇನಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ತಮ್ಮಷ್ಟಕ್ಕೆ ತಾವು ಗುನುಗಿಕೊಂಡಂತೆ ಕೇಳುತ್ತದೆ. ಆದರೆ ಅದರ ಮಾತುಗಳು ಆಕೆಯವೇ. ಗಂಡಸರು ಬರೆದುಕೊಟ್ಟದ್ದನ್ನು ಹುಡುಗಿಯರು ಹಾಡುವುದೇ ವಾಡಿಕೆಯಾಗಿದ್ದ ಆ ಕಾಲದಲ್ಲಿ ಹಾರ್ಡಿ ತನ್ನ ಹಾಡುಗಳನ್ನು ಬಹುಮಟ್ಟಿಗೆ ತಾನೇ ಬರೆದಳು. ಇಟಾಲಿಯನ್, ಜರ್ಮನ್, ಇಂಗ್ಲಿಷ್ ಭಾಷೆಗಳಲ್ಲೂ ಹಾಡಿದಳು. ಪರಭಾಷೆಯಲ್ಲಿ ಹಾಡುವಾಗಲೂ ಆ ಮೆಲುದನಿ ಬದಲಾಗಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಕಥೆ ಫ್ರಾನ್ಸ್ ಗಾಲ್ ಎಂಬಾಕೆಯದು. ಯುರೋಪಿನ ಪ್ರಸಾರ ಸಂಸ್ಥೆಗಳು 1956ರಿಂದ ಯೂರೋವಿಷನ್ ಎಂಬ ಗೀತಸ್ಪರ್ಧೆಯನ್ನು ನಡೆಸುತ್ತ ಬಂದಿವೆ. 1965ರಲ್ಲಿ ನೇಪಲ್ಸ್ ನಗರದಲ್ಲಿ ನಡೆದ ಸ್ಪರ್ಧೆಯಲ್ಲಿ ಗೆದ್ದಾಗ ಗಾಲ್‌ಗೆ ಹದಿನೇಳು ವರ್ಷ. ಹಾಡನ್ನು ಬರೆದವನು ಸೆರ್ಜ್ ಗೇನ್ಸ್‌ಬೂರ್. ಅದರ ಶೀರ್ಷಿಕೆಗೆ ಮೇಣದ ಗೊಂಬೆ, ತೌಡಿನ ಗೊಂಬೆ ಎಂದು ಅರ್ಥ ಹೇಳಬಹುದು. ಫ್ರೆಂಚಿನಲ್ಲಿ ತೌಡಿಗೂ ಧ್ವನಿಗೂ ಒಂದೇ ಪದವಾದುದರಿಂದ ಅಲ್ಲೊಂದು ಶ್ಲೇಷೆಯಿದೆ. ಅನುಭವವೇ ಇಲ್ಲದ ಪ್ರೇಮವನ್ನು ಹಾಡಿಕೊಂಡಿರುವ ಗಾಯಕಿ ಒಂದು ಗೊಂಬೆ ಎಂಬುದು ಹಾಡಿನ ತಾತ್ಪರ್ಯ. ಅಂದರೆ ಆ ಹುಡುಗಿಯನ್ನು ಕುರಿತ ವ್ಯಂಗ್ಯವನ್ನು ಆ ಹುಡುಗಿಯ ಬಾಯಿಂದಲೇ ಹೇಳಿಸಲಾಯಿತು. ಮರುವರ್ಷ, 1966ರಲ್ಲಿ, ಅದೇ ಕವಿ ಆಕೆಗೆ ಕಡ್ಡಿಮಿಠಾಯಿಯನ್ನು ಇಷ್ಟಪಡುವ ಹುಡುಗಿಯ ಬಗ್ಗೆ ಮತ್ತೊಂದು ಹಾಡು ಬರೆದುಕೊಟ್ಟ. ಅದರೊಳಗೆ ಅಶ್ಲೀಲವಾದ ಇನ್ನೊಂದು ಅರ್ಥ ಅಡಗಿತ್ತು. ಸುತ್ತಲಿನ ದೊಡ್ಡವರಿಗೆ ಅದು ಗೊತ್ತಿತ್ತು, ಹಾಡಿದವಳಿಗೆ ಗೊತ್ತಿರಲಿಲ್ಲ. ಅನಂತರ ಅರ್ಥ ತಿಳಿದಾಗ ತನಗಾದ ಅವಮಾನವನ್ನು ಆಕೆ ಮುಂದೆ ಎಷ್ಟೋ ಬಾರಿ ಹೇಳಿಕೊಂಡಳು. 2018ರಲ್ಲಿ ಆಕೆ ತೀರಿಕೊಂಡಾಗಲೂ ಪತ್ರಿಕೆಗಳು ಆ ಪ್ರಸಂಗವನ್ನು ನೆನೆದವು.

ಈ ಪ್ರಸಂಗವನ್ನು ಒಂದಿಷ್ಟು ಯೋಚಿಸಿ ನೋಡಿ. ಫ್ರೆಂಚ್ ಆಕೆಯ ತಾಯಿನುಡಿ. ಅವಳ ತಂದೆಯೇ ಗೀತರಚನಕಾರ. ನಮ್ಮ ಸಂಘದ ನಿಯಮದ ಪ್ರಕಾರ ಆಕೆಗಿಂತ ಅರ್ಹ ಸ್ಪರ್ಧಿ ಇನ್ನೊಬ್ಬಳಿರಲು ಸಾಧ್ಯವಿಲ್ಲ. ಆದರೂ ಆ ಹಾಡು ಆಕೆಯದಾಗಲಿಲ್ಲ. ಹುಟ್ಟಿನಿಂದ ಬಂದ ಭಾಷೆಯೂ, ಅರ್ಥದ ಮೇಲೆ ಹಿಡಿತವಿಲ್ಲದಿದ್ದರೆ, ಬೇರೆಯವರ ಕೈಯ ಸೂತ್ರವಾಗುತ್ತದೆ. ಸೂತ್ರವೆಂದಾಗ ಇನ್ನೊಂದು ಸಂಗತಿ ನೆನಪಾಗುತ್ತದೆ. ಎರಡು ವರ್ಷಗಳ ಬಳಿಕ, 1967ರಲ್ಲಿ ವಿಯೆನ್ನಾದಲ್ಲಿ, ಬ್ರಿಟನ್ನಿಗೆ ಈ ಸ್ಪರ್ಧೆಯಲ್ಲಿ ಮೊದಲ ಗೆಲುವು ತಂದುಕೊಟ್ಟವಳು ಬರಿಗಾಲಿನಲ್ಲಿ ನಿಂತು ಹಾಡಿದ ಸ್ಯಾಂಡಿ ಶಾ. ಆ ಹಾಡಿನಲ್ಲಿ ಹೆಣ್ಣು ದಾರಕ್ಕೆ ಕಟ್ಟಿದ ಸೂತ್ರದ ಗೊಂಬೆ. ಆ ಹಾಡು ತನಗೆ ಹಿಡಿಸದೆಂಬುದನ್ನು ಶಾ ಎಂದೂ ಮುಚ್ಚಿಡಲಿಲ್ಲ. ಎರಡು ವರ್ಷಗಳ ಅಂತರದಲ್ಲಿ ಎರಡು ಗೆಲುವು, ಎರಡರಲ್ಲೂ ಹೆಣ್ಣು ಗೊಂಬೆ. ಸ್ವಾತಂತ್ರ್ಯದ ದಶಕವೆಂದು ನಾವು ಕರೆಯುವ ಕಾಲದ ಮನಸ್ಸನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಮಾನದಂಡ ನನಗೆ ಸಿಕ್ಕಿಲ್ಲ.

ಮಾತು ತನ್ನದಾದರೆ ಸಾಕೆ? ಸಾಲದು ಎನ್ನುತ್ತದೆ ಬೆಲ್ಜಿಯಂ ದೇಶದ ಒಂದು ಕಥೆ. ಲೆಕ್ಕಪತ್ರದವನಾದ ನನ್ನನ್ನು ಇದು ವಿಶೇಷವಾಗಿ ಕಾಡಿದೆ. ವಾಟರ್ಲೂ ಬಳಿಯ ಒಂದು ಕ್ರೈಸ್ತ ಮಠದಲ್ಲಿ ಜಾನೀನ್ ಡೆಕರ್ಸ್ ಎಂಬ ಸನ್ಯಾಸಿನಿಯಿದ್ದಳು. ಗಿಟಾರ್ ನುಡಿಸುತ್ತ, ತಮ್ಮ ಪಂಥದ ಸಂಸ್ಥಾಪಕನಾದ ಸಂತ ಡೊಮಿನಿಕನನ್ನು ಕುರಿತು ತಾನೇ ಕಟ್ಟಿದ ಒಂದು ಸರಳ ಹಾಡನ್ನು ಹಾಡುತ್ತಿದ್ದಳು. ಅದರ ಧ್ವನಿಮುದ್ರಿಕೆ 1963ರ ಡಿಸೆಂಬರಿನಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ಕೊಂಡವರಲ್ಲಿ ಹೆಚ್ಚಿನವರಿಗೆ ಫ್ರೆಂಚ್ ಬರುತ್ತಿರಲಿಲ್ಲ. ನಗುವ ಸೋದರಿ ಎಂಬರ್ಥದ ಸೊರ್ ಸೂರಿರ್ ಎಂಬ ಹೆಸರಿನಿಂದ ಲೋಕ ಅವಳನ್ನು ಕೊಂಡಾಡಿತು.

ಮಾತು ಅವಳದು, ಧಾಟಿ ಅವಳದು, ಕಂಠ ಅವಳದು. ಆದರೆ ಗಳಿಕೆಯಲ್ಲಿ ಅವಳ ಕೈಗೆ ಏನೂ ಬರಲಿಲ್ಲ. ಅದು ಧ್ವನಿಮುದ್ರಣ ಕಂಪನಿಗೂ ಮಠಕ್ಕೂ ಸೇರಿತು. 1966ರಲ್ಲಿ ಮಠವನ್ನು ಬಿಟ್ಟು ಹೊರಬಂದಾಗ ತನ್ನ ಆ ಪ್ರಸಿದ್ಧ ಹೆಸರನ್ನು ಬಳಸುವ ಹಕ್ಕೂ ಅವಳಿಗಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಆ ದೇಶದ ತೆರಿಗೆ ಇಲಾಖೆ ಹಳೆಯ ಗಳಿಕೆಗೆ ತೆರಿಗೆ ಕಟ್ಟೆಂದು ಅವಳ ಬೆನ್ನು ಹತ್ತಿತು. ಹಣ ಮಠಕ್ಕೆ ಹೋಗಿದೆ ಎಂದಳು. ಅದಕ್ಕೆ ರಸೀದಿ ಕೊಡಲು ಅವಳಿಂದಾಗಲಿಲ್ಲ. ಸಾಲ ತೀರಿಸಲು 1982ರಲ್ಲಿ ಅದೇ ಹಾಡನ್ನು ಹೊಸ ವಾದ್ಯಗಳೊಂದಿಗೆ ಮತ್ತೆ ಹಾಡಿದಳು. ಫಲ ಸಿಗಲಿಲ್ಲ. 1985ರ ಮಾರ್ಚಿನಲ್ಲಿ, ತನ್ನ ಸಂಗಾತಿಯೊಡನೆ, ತಾನಾಗಿ ಪ್ರಾಣ ಕಳೆದುಕೊಂಡಳು. ರಸೀದಿ ಎಲ್ಲಿ ಎಂದು ಕೇಳುವುದೇ ನನ್ನ ವೃತ್ತಿ. ಆ ತಟ್ಟೆಯನ್ನು ಸಂತೆಯಲ್ಲಿ ಕೈಗೆತ್ತಿಕೊಂಡ ದಿನ, ನಿಯಮದ ಪ್ರಕಾರ ಸರಿಯಾದದ್ದೆಲ್ಲ ನ್ಯಾಯವಾಗಿರಬೇಕಿಲ್ಲ ಎಂಬ ಹಳೆಯ ಸತ್ಯವನ್ನು ಮತ್ತೊಮ್ಮೆ ಕಲಿತೆ. ಕಲಿತೂ ರಾಜ್ಯೋತ್ಸವದ ದಿನ ಮರೆತೆ.

ಇನ್ನು ನಿಯಮಗಳ ಮಾತು. ಭಾಷೆಯನ್ನು ಕುರಿತು ಯೂರೋವಿಷನ್ನಿನಲ್ಲಿ ಮೊದಮೊದಲು ಸ್ಪಷ್ಟವಾದ ಕಟ್ಟಳೆ ಇರಲಿಲ್ಲ. 1965ರಲ್ಲಿ ಸ್ವೀಡನ್ನಿನ ಗಾಯಕನೊಬ್ಬ ಇಂಗ್ಲಿಷಿನಲ್ಲಿ ಹಾಡಿದ. ಅದರ ಬೆನ್ನಲ್ಲೇ 1966ರಿಂದ, ಪ್ರತಿಯೊಂದು ದೇಶವೂ ತನ್ನ ರಾಷ್ಟ್ರಭಾಷೆಗಳಲ್ಲೊಂದರಲ್ಲೇ ಹಾಡಬೇಕೆಂಬ ನಿಯಮ ಬಂದಿತು. 1973ರಿಂದ ನಾಲ್ಕು ವರ್ಷ ಸಡಿಲವಾಗಿ, 1977ರಲ್ಲಿ ಮತ್ತೆ ಬಿಗಿಯಾಗಿ, 1999ರಿಂದ ಅದು ಇಲ್ಲವಾಯಿತು. ನಿಯಮ ಹೋದ ಮೇಲೆ ಆ ವೇದಿಕೆಯನ್ನು ಬಹುಪಾಲು ಇಂಗ್ಲಿಷ್ ಆಕ್ರಮಿಸಿತು. ಆದುದರಿಂದ ಭಾಷೆಗೆ ಬೇಲಿಯೇ ಬೇಡವೆಂದು ನಾನು ವಾದಿಸಲಾರೆ. ಬಲಿಷ್ಠ ಭಾಷೆಯ ಮುಂದೆ ಬೇಲಿಯಿಲ್ಲದ ಹೊಲ ಉಳಿಯುವುದಿಲ್ಲ. ಹೊರನಾಡಿನಲ್ಲಿರುವ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಆದರೆ ಬೇಲಿಯನ್ನು ಯಾರು ಹಾಕುತ್ತಾರೆ, ಯಾರನ್ನು ಹೊರಗಿಡಲು ಹಾಕುತ್ತಾರೆ ಎಂಬುದನ್ನೂ ನೋಡಬೇಕು. 1968ರಲ್ಲಿ ಸ್ಪೇನ್ ತನ್ನ ಪರವಾಗಿ ಹಾಡಲು ಜುವಾನ್ ಮಾನ್ವೆಲ್ ಸೆರಾತ್ ಎಂಬ ಗಾಯಕನನ್ನು ಆರಿಸಿತ್ತು. ಆತ ತನ್ನ ನುಡಿಯಾದ ಕ್ಯಾಟಲಾನಿನಲ್ಲಿ ಹಾಡುತ್ತೇನೆಂದ. ಜನರಲ್ ಫ್ರಾಂಕೋನ ಆಡಳಿತಕ್ಕೆ ಅದು ಸಮ್ಮತವಾಗಲಿಲ್ಲ. ಆತನನ್ನು ಕೈಬಿಟ್ಟು, ಕೊನೆಯ ಗಳಿಗೆಯಲ್ಲಿ ಮಾಸಿಯೆಲ್ ಎಂಬ ಗಾಯಕಿಯನ್ನು ಕರೆಸಿದರು. ಆಕೆ ಅದೇ ಹಾಡನ್ನು ಸ್ಪ್ಯಾನಿಷಿನಲ್ಲಿ ಹಾಡಿ, ಏಪ್ರಿಲ್ 6ರಂದು ಲಂಡನ್ನಿನಲ್ಲಿ, ಬ್ರಿಟನ್ನಿನ ಕ್ಲಿಫ್ ರಿಚರ್ಡನನ್ನು ಒಂದೇ ಅಂಕದಿಂದ ಹಿಂದಿಕ್ಕಿ ಗೆದ್ದಳು. ಹಾಡಿನ ಹೆಸರು ಲಾ ಲಾ ಲಾ. ಪಲ್ಲವಿಯ ತುಂಬ ಯಾವ ಭಾಷೆಗೂ ಸೇರದ ಆ ಒಂದು ಅಕ್ಷರವೇ. ಅಂಥ ಹಾಡಿನ ಉಳಿದ ನಾಲ್ಕು ಸಾಲುಗಳನ್ನು ಯಾವ ಭಾಷೆಯಲ್ಲಿ ಹಾಡಬೇಕೆಂಬುದಕ್ಕೆ ಒಂದು ಪ್ರಭುತ್ವ ಹೆದರಿತು. ಮಾಸಿಯೆಲ್ ಗೆದ್ದದ್ದು ತನ್ನ ಕಂಠದಿಂದ. ಆದರೂ ಆ ಗೆಲುವಿನ ಮೇಲೆ ಸೆರಾತನ ಮೌನದ ನೆರಳು ಇಂದಿಗೂ ಇದೆ.

ಬೇಲಿಯ ಇನ್ನೊಂದು ಬದಿಯನ್ನು ತೋರಿಸುವುದು ಲಕ್ಸೆಂಬರ್ಗ್ ಎಂಬ ಪುಟ್ಟ ದೇಶ. ಅದು ಗಾಯಕಿಯರನ್ನು ಯಾವ ದೇಶದಿಂದಲಾದರೂ ಕರೆತರುತ್ತಿತ್ತು. 1963ರಲ್ಲಿ ಅದರ ಪರವಾಗಿ ಹಾಡಿದ ನಾನಾ ಮೂಸ್ಕೂರಿ ಕ್ರೀಟ್ ದ್ವೀಪದಲ್ಲಿ ಹುಟ್ಟಿದ ಗ್ರೀಕ್ ಹೆಂಗಸು. ಅದಕ್ಕೂ ಮೊದಲು, 1961ರಲ್ಲಿ, ಅಥೆನ್ಸಿನ ಬಿಳಿ ಗುಲಾಬಿಗಳನ್ನು ಕುರಿತ ಹಾಡನ್ನು ಜರ್ಮನ್ ಭಾಷೆಯಲ್ಲಿ ಹಾಡಿ ಜರ್ಮನಿಯಲ್ಲಿ ಹೆಸರು ಮಾಡಿದ್ದಳು. 1965ರಲ್ಲಿ ಗೆದ್ದ ಫ್ರಾನ್ಸ್ ಗಾಲ್ ಹಾಡಿದ್ದೂ ಲಕ್ಸೆಂಬರ್ಗಿನ ಪರವಾಗಿಯೇ. 1967ರಲ್ಲಿ ಪ್ರೇಮದ ನೀಲಿಬಣ್ಣವನ್ನು ಹಾಡಿದ ವಿಕಿ ಲಿಯಾಂಡ್ರೋಸ್ ಗ್ರೀಸಿನಲ್ಲಿ ಹುಟ್ಟಿ ಜರ್ಮನಿಯಲ್ಲಿ ಬೆಳೆದವಳು. ಎಷ್ಟು ಉದಾರವಾದ ದೇಶ ಎನ್ನಿಸುತ್ತದೆ. ಆದರೆ ಲಕ್ಸೆಂಬರ್ಗ್ ಒಟ್ಟು ಐದು ಬಾರಿ ಗೆದ್ದಿತು, ಐದೂ ಬಾರಿ ಫ್ರೆಂಚ್ ಹಾಡಿನಿಂದ. ಅಲ್ಲಿನ ಜನ ಮನೆಯಲ್ಲಿ ಆಡುವ ಲಕ್ಸೆಂಬರ್ಗಿಷ್ ಭಾಷೆಗೆ ಆ ಗೆಲುವುಗಳಲ್ಲಿ ಪಾಲು ಸಿಗಲಿಲ್ಲ. ಆ ನುಡಿಗೆ ಕಾನೂನಿನ ಮೂಲಕ ರಾಷ್ಟ್ರಭಾಷೆಯ ಮನ್ನಣೆ ದೊರೆತದ್ದು 1984ರಲ್ಲಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಯೂರೋವಿಷನ್ನಿನ ನಿಯಮ ಎಷ್ಟೇ ಬಿಗಿಯಾಗಿದ್ದರೂ ಅದು ಕೇಳಿದ್ದು ಹಾಡಿನ ಭಾಷೆಯನ್ನು. ಗಾಯಕಿಯ ತಾಯಿನುಡಿಯನ್ನು ಅದು ಎಂದೂ ಕೇಳಲಿಲ್ಲ. ನಾವು ಮಾಡಿದ್ದು ಇದಕ್ಕೆ ವಿರುದ್ಧ. ಹಾಡುವವಳ ಹುಟ್ಟನ್ನು ವಿಚಾರಿಸಿದೆವು, ಹಾಡಿನ ಅರ್ಥವನ್ನು ವಿಚಾರಿಸಲಿಲ್ಲ. ಲಕ್ಸೆಂಬರ್ಗ್ ಬಾಗಿಲು ತೆರೆದು ಮನೆಯ ಭಾಷೆಯನ್ನು ಮರೆಯಿತು. ನಾವು ಬಾಗಿಲು ಮುಚ್ಚಿಯೂ ಮನೆಯ ಭಾಷೆಯನ್ನು ಮರೆಯುತ್ತಿದ್ದೇವೆ. ನನ್ನ ಮನೆಯೇ ಅದಕ್ಕೆ ಸಾಕ್ಷಿ.

ಕೊನೆಯದಾಗಿ ಪ್ರಾಗ್ ನಗರದ ಮಾರ್ತಾ ಕುಬಿಶೊವಾಳ ಕಥೆ. 1968ರ ಆಗಸ್ಟಿನಲ್ಲಿ ಸೋವಿಯತ್ ನೇತೃತ್ವದ ಸೇನೆಗಳು ಚೆಕೊಸ್ಲೊವಾಕಿಯದೊಳಗೆ ನುಗ್ಗಿದವು. ಆ ದಿನಗಳಲ್ಲಿ ಈಕೆ ಹಾಡಿದ ಒಂದು ಪ್ರಾರ್ಥನೆ ಜನರ ಪ್ರತಿರೋಧದ ಹಾಡಾಯಿತು. ಅದರ ಮಾತುಗಳಿಗೆ ಮೂಲ ಹದಿನೇಳನೆಯ ಶತಮಾನದ ಚಿಂತಕ ಕೊಮೆನಿಯಸ್. ಧರ್ಮದ ಕಾರಣದಿಂದ ತಾಯ್ನಾಡನ್ನು ಬಿಟ್ಟು ಹಾಲೆಂಡಿನಲ್ಲಿ ಸತ್ತವನು ಅವನು. ಹೊರನಾಡಿನವನೊಬ್ಬನ ಮಾತು ಮುನ್ನೂರು ವರ್ಷಗಳ ಬಳಿಕ ಒಬ್ಬ ಪಾಪ್ ಗಾಯಕಿಯ ಕಂಠದಿಂದ ತಾಯ್ನಾಡಿಗೆ ಹಿಂದಿರುಗಿತು. 1970ರಲ್ಲಿ, ಕೃತಕವಾಗಿ ಸೃಷ್ಟಿಸಿದ ಅಶ್ಲೀಲ ಚಿತ್ರಗಳನ್ನು ನೆಪ ಮಾಡಿಕೊಂಡು, ಆಕೆ ಹಾಡದಂತೆ ನಿಷೇಧಿಸಿದರು. ಸುಮಾರು ಇಪ್ಪತ್ತು ವರ್ಷ ಆಕೆ ಬೇರೆ ಕೆಲಸಗಳನ್ನು ಮಾಡಿ ಬದುಕಿದಳು. ಮಾನವ ಹಕ್ಕುಗಳಿಗಾಗಿ ಹುಟ್ಟಿದ ಚಾರ್ಟರ್ 77ಕ್ಕೆ ಸಹಿ ಹಾಕಿ ಅದರ ವಕ್ತಾರರಲ್ಲಿ ಒಬ್ಬಳಾದಳು. 1989ರ ನವೆಂಬರಿನಲ್ಲಿ, ಆಡಳಿತ ಕುಸಿಯುತ್ತಿದ್ದಾಗ, ವೆನ್ಸೆಸ್ಲಾಸ್ ಚೌಕದ ಒಂದು ಮಹಡಿಯ ಮೇಲಿಂದ ಮತ್ತೆ ಹಾಡಿದಳು. ಆ ಹಾಡು ಬಾನುಲಿಯಲ್ಲಿ ಇಲ್ಲದ ಕಾಲದಲ್ಲೂ ಅರ್ಥವನ್ನು ಅರಿತವರ ಮನಸ್ಸಿನಲ್ಲಿ ಉಳಿದಿತ್ತು. ಪ್ರಭುತ್ವ ಕಂಠವನ್ನು ಕಟ್ಟಬಹುದು, ಅರ್ಥವನ್ನು ಕಟ್ಟಲಾರದು.

ಬಂಧುಗಳೆ, ಇಷ್ಟು ದೂರ ಹೋಗಬೇಕಾಗಿರಲಿಲ್ಲವೆಂದು ತಾವು ಹೇಳಬಹುದು. ನಿಜ. ರೋಣದಲ್ಲಿ ಹುಟ್ಟಿ, ಗದಗಿನಲ್ಲಿ ಬೆಳೆದು, ಈ ಪುಣೆಯಲ್ಲಿ ನೆಲೆಸಿದ ಪಂಡಿತ ಭೀಮಸೇನ ಜೋಶಿಯವರು ಮರಾಠಿ ಅಭಂಗಗಳನ್ನೂ ಕನ್ನಡ ದಾಸರ ಪದಗಳನ್ನೂ ಒಂದೇ ಭಕ್ತಿಯಿಂದ ಹಾಡಿದರು. ನಿಮ್ಮ ಮಾತೃಭಾಷೆ ಯಾವುದು ಎಂದು ಮರಾಠಿ ರಸಿಕರು ಅವರನ್ನು ಬಾಗಿಲಲ್ಲಿ ತಡೆದಿದ್ದರೆ? ಅವರು ತಡೆಯಲಿಲ್ಲ. ಆ ಔದಾರ್ಯವನ್ನು ಉಂಡವರು ನಾವು. ಗಡಿಯ ವಿಚಾರದಲ್ಲಿ ಎರಡು ರಾಜ್ಯಗಳ ನಡುವೆ ಏನೇ ಮಾತುಗಳಿರಲಿ, ಕನ್ನಡ ಕಲಿತು ಬಂದ ಒಂದು ಮಗುವನ್ನು ಹಿಂದಕ್ಕೆ ಕಳುಹಿಸಿ ನಾವು ಕನ್ನಡವನ್ನು ಬೆಳೆಸಲಾರೆವು.

ಆದುದರಿಂದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ತಿದ್ದುಪಡಿಯನ್ನು ಇಡುತ್ತಿದ್ದೇನೆ. ಮಾತೃಭಾಷೆಯ ನಿಯಮವನ್ನು ತೆಗೆದುಹಾಕೋಣ. ಹಾಡು ಕನ್ನಡದ್ದೇ ಆಗಿರಬೇಕೆಂಬ ನಿಯಮ ಹಾಗೆಯೇ ಇರಲಿ. ಅದರ ಜೊತೆಗೆ, ಹಾಡುವ ಮುನ್ನ ಸ್ಪರ್ಧಿ ಆ ಹಾಡಿನ ಭಾವವನ್ನು ತನ್ನ ಮಾತಿನಲ್ಲಿ, ಕನ್ನಡದಲ್ಲಿ, ಎರಡು ವಾಕ್ಯ ಹೇಳಲಿ. ಇದರಿಂದ ಕಷ್ಟವಾಗುವುದು ಹೊರಗಿನವರಿಗಲ್ಲ, ನಮ್ಮ ಮಕ್ಕಳಿಗೆ. ಅದಕ್ಕಾಗಿ ಭಾನುವಾರ ಬೆಳಿಗ್ಗೆ ಇದೇ ಸಭಾಂಗಣದಲ್ಲಿ ಕನ್ನಡ ತರಗತಿ ನಡೆಸೋಣ. ವರ್ಷದ ಖರ್ಚಿನ ಅಂದಾಜು ಪಟ್ಟಿಯನ್ನು ನಾನೇ ತಯಾರಿಸಿ ತಂದಿದ್ದೇನೆ. ಕಾರ್ಯದರ್ಶಿಗಳು ನಿರೀಕ್ಷಿಸಿದ್ದ ಬಜೆಟ್ ಭಾಷಣ ಇಷ್ಟೇ.

ಮೊದಲ ತರಗತಿಗೆ ನನ್ನ ಮಗಳ ಹೆಸರನ್ನು ಬರೆಸಿದ್ದೇನೆ. ನೆರೆಮನೆಯ ಆ ಹುಡುಗಿಯ ಮನೆಗೂ ಹೋಗಿ ಬಂದೆ. ತಪ್ಪಾಯಿತೆಂದು ಅವಳ ತಾಯಿಯ ಮುಂದೆ ಮರಾಠಿಯಲ್ಲೇ ಹೇಳಿದೆ. ಆ ತಾಯಿ ಚಹಾ ಕೊಟ್ಟರು. ಹುಡುಗಿ ಏನೂ ಮಾತನಾಡಲಿಲ್ಲ. ಬರುವ ರಾಜ್ಯೋತ್ಸವದಲ್ಲಿ ಅವಳು ಹಾಡುವಳೋ ಇಲ್ಲವೋ ಹೇಳಲಾರೆ. ಬಾಗಿಲು ತೆರೆದಿರುವಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೈಯಲ್ಲಿದೆ.